ವೇಲ್ಸಿನ ಬೀದಿಯಲ್ಲಿ ಕಾಶ್ಮೀರದ ಆಡು

2020ರ ಮಾರ್ಚ್ 23ರಂದು ಕೊರೊನಾ ಸೋಂಕು ತಡೆಯಲು ಬ್ರಿಟನ್ ಲಾಕ್‌ಡೌನ್ ಘೋಷಿಸಿತು. ಕೆಲವೇ ದಿನಗಳಲ್ಲಿ ವೇಲ್ಸಿನ ಉತ್ತರ ಕರಾವಳಿಯ ಲ್ಯಾಂಡಿಡ್ನೊ ಪಟ್ಟಣದ ನಿರ್ಜನ ಬೀದಿಗಳಿಗೆ ಆಡುಗಳ ಹಿಂಡೊಂದು ಇಳಿದುಬಂತು. ಬಿಳಿಯ ದಟ್ಟ ಕೂದಲು, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು. ಮನೆಗಳ ಮುಂದಿನ ಬೇಲಿಗಿಡ, ಹೂಗಿಡಗಳನ್ನು ಅವು ನಿರಾತಂಕವಾಗಿ ಮೇಯುತ್ತಿದ್ದ ಚಿತ್ರಗಳು ಜಗತ್ತನ್ನೇ ಸುತ್ತಿದವು. ಮನುಷ್ಯ ಬಾಗಿಲು ಮುಚ್ಚಿಕೊಂಡೊಡನೆ ಕಾಡು ತನ್ನ ಜಾಗಕ್ಕೆ ಮರಳಿತೆಂದು ಜನ ಸಂಭ್ರಮಿಸಿದರು. ಆದರೆ ಈ ಆಡುಗಳು ಯಾವ ಕಾಡಿನವು?

ಉತ್ತರಕ್ಕಾಗಿ ಎರಡು ಶತಮಾನ ಹಿಂದೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಸಿರಿವಂತ ಮಹಿಳೆಯರಿಗೆ ಕಾಶ್ಮೀರದ ಶಾಲೆಂದರೆ ಎಲ್ಲಿಲ್ಲದ ಮೋಹ. ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ನೇಕಾರರು ಅದರ ನಕ್ಷೆಯನ್ನು ಅನುಕರಿಸಿದರು. ನಮ್ಮ ಸೀರೆಗಳ ಮೇಲಿನ ಮಾವಿನಕಾಯಿ ಬುಟ್ಟಾಕ್ಕೆ ಇಂಗ್ಲಿಷಿನಲ್ಲಿ ಪೈಸ್ಲಿ ಎಂಬ ಹೆಸರು ಬಂದದ್ದು ಹೀಗೆ. ನಕ್ಷೆಯನ್ನೇನೋ ನಕಲು ಮಾಡಬಹುದು, ಉಣ್ಣೆಗೇನು ಮಾಡುವುದು? ಲಡಾಖ್, ಟಿಬೆಟಿನ ಎತ್ತರದ ಬಯಲುಗಳಲ್ಲಿ ಕೊರೆಯುವ ಚಳಿ ತಡೆಯಲು ಆಡುಗಳು ಹೊರಗೂದಲಿನ ಅಡಿಯಲ್ಲಿ ಬೆಳೆಸಿಕೊಳ್ಳುವ ನವಿರಾದ ಉಣ್ಣೆ ಅದು. ಹಾಗಾಗಿ ಆಡುಗಳನ್ನೇ ತರಿಸಿ ಸಾಕುವ ಪ್ರಯತ್ನ ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ನಡೆಯಿತು. ವಿಂಡ್ಸರಿನ ರಾಜೋದ್ಯಾನದಲ್ಲಿ ಅಂಥದೊಂದು ಹಿಂಡು ಬೆಳೆಯಿತು. ಅದರ ಸಂತತಿಯ ಕೆಲವು ಆಡುಗಳು ಮುಂದೆ ಲ್ಯಾಂಡಿಡ್ನೊ ಸೀಮೆಯ ಜಮೀನುದಾರರಾದ ಮಾಸ್ಟಿನ್ ಮನೆತನದ ಕೈಸೇರಿ, ಪಟ್ಟಣದ ಪಕ್ಕದ ಗ್ರೇಟ್ ಓರ್ಮ್ ಬೆಟ್ಟದಲ್ಲಿ ನೆಲೆಗೊಂಡವು. 1870ರ ದಶಕದಲ್ಲಿ ಶಾಲಿನ ಷೋಕಿ ಇಳಿಯಿತು. ಆಡುಗಳ ವಂಶ ಉಳಿಯಿತು.

ಹವಾಮಾನ ಕೆಟ್ಟಾಗ ಅವು ಬೆಟ್ಟದ ಬುಡಕ್ಕೆ ಬರುವುದು ಊರಿನವರಿಗೆ ಹೊಸತಲ್ಲ. ಬೀದಿ ಬರಿದಾಗಿದ್ದರಿಂದ ಈ ಸಲ ಇನ್ನಷ್ಟು ಮುಂದೆ ಬಂದವು, ಅಷ್ಟೆ. ಜಪಾನಿನ ನಾರಾದಲ್ಲಿ ರಸ್ತೆಗಿಳಿದ ಜಿಂಕೆಗಳೂ ಪ್ರವಾಸಿಗರು ಕೊಡುವ ಬಿಸ್ಕತ್ತಿಗೆ ಒಗ್ಗಿಕೊಂಡಿದ್ದವೇ. ಥಾಯ್ಲೆಂಡಿನ ಲೋಪ್‌ಬುರಿಯ ಕೋತಿಗಳಿಗೂ ಪ್ರವಾಸಿಗರ ಕೈತುತ್ತಿನ ರೂಢಿಯಿತ್ತು. ಅದು ತಪ್ಪಿದಾಗ ಅವು ನಡುರಸ್ತೆಯಲ್ಲಿ ಕಾದಾಡಿದವು. ಇವು ನಮ್ಮನ್ನು ದೂರವಿಟ್ಟು ಬದುಕಿದ ಪ್ರಾಣಿಗಳಲ್ಲ, ನಮ್ಮನ್ನು ನೆಚ್ಚಿಕೊಂಡವು.

ಹಾಗೆಂದು ನಿಜವಾದ ವನ್ಯಜೀವಿಗಳಿಗೆ ಆ ಮೌನ ತಟ್ಟಲೇ ಇಲ್ಲವೆಂದಲ್ಲ. 43 ಜಾತಿಯ ಸಸ್ತನಿಗಳ ಓಡಾಟವನ್ನು ಕೊರಳಪಟ್ಟಿಯ ಯಂತ್ರಗಳಿಂದ ಗುರುತಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ನಿರ್ಬಂಧ ಬಿಗಿಯಾಗಿದ್ದ ಕಡೆಗಳಲ್ಲಿ ಅವುಗಳ ದೂರದ ಸಂಚಾರ ಶೇಕಡಾ 73ರಷ್ಟು ಹೆಚ್ಚಿತ್ತು. ಆದರೆ ಈ ಬದಲಾವಣೆ ಬೀದಿಯ ಚಿತ್ರಗಳಲ್ಲಿ ಕಾಣುವಂಥದಲ್ಲ.

ಇತ್ತ ಲ್ಯಾಂಡಿಡ್ನೊದಲ್ಲಿ ಆಡುಗಳ ಸಂಖ್ಯೆಗೆ ಮಿತಿ ಹಾಕಲು ಕೊಡುತ್ತಿದ್ದ ಗರ್ಭನಿರೋಧಕ ಚುಚ್ಚುಮದ್ದು ಸೋಂಕಿನ ಕಾಲದಲ್ಲಿ ನಿಂತು, ಮರಿಗಳು ಹೆಚ್ಚಿದವು. ಮೊದಲು ಮುದ್ದಾಗಿ ಕಂಡವು ಕೈತೋಟ ಮುಕ್ಕಿದಾಗ ಕೆಲವರಿಗೆ ಉಪದ್ರವವಾದವು. ಅವು ತಾವಾಗಿ ಬಂದವಲ್ಲ. ಒಂದು ಕಾಲದ ಶಾಲಿನ ಆಸೆ ಅವನ್ನು ಕರೆತಂದಿತು. ಆಸೆ ತೀರಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ.