ಇಂಗ್ಲಿಷ್ ಕಲಿಸಲು ಹೋದವನು

1928ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದ್ದ 22ರ ಹುಡುಗನೊಬ್ಬ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್‌ಗೆ ಹೋದ. ಎರಡೂ ಸಂಸ್ಥೆಗಳ ನಡುವೆ ಒಪ್ಪಂದವಿತ್ತು: ಅಲ್ಲಿಂದ ಒಬ್ಬ ಬಂದು ಇಲ್ಲಿ ಫ್ರೆಂಚ್ ಹೇಳಿಕೊಡೋದು, ಇಲ್ಲಿಂದ ಒಬ್ಬ ಹೋಗಿ ಅಲ್ಲಿ ಇಂಗ್ಲಿಷ್ ಹೇಳಿಕೊಡೋದು.

ಅದೇ ಕೆಲಸದಲ್ಲಿ ಅವನಿಗಿಂತ ಮೊದಲಿದ್ದ ಥಾಮಸ್ ಮೆಕ್‌ಗ್ರೀವಿ ಅವನನ್ನು ಜೇಮ್ಸ್ ಜಾಯ್ಸ್‌ಗೆ ಪರಿಚಯಿಸಿದ. 1930ರಲ್ಲಿ ಹುಡುಗ ವಾಪಸ್ ಬಂದು ಟ್ರಿನಿಟಿಯಲ್ಲೇ ಮೇಷ್ಟ್ರಾದ. ಒಗ್ಗಲಿಲ್ಲ, ಬಿಟ್ಟ. ಕೊನೆಗೆ ಪ್ಯಾರಿಸ್ಸಿನಲ್ಲೇ ನೆಲೆನಿಂತು ‘ವೇಟಿಂಗ್ ಫಾರ್ ಗೋಡೋ’ ನಾಟಕವನ್ನು ಮೊದಲು ಫ್ರೆಂಚಿನಲ್ಲೇ ಬರೆದ. ಅವನೇ ಸ್ಯಾಮ್ಯುಯೆಲ್ ಬೆಕೆಟ್, 1969ರಲ್ಲಿ ನೊಬೆಲ್ ಪಡೆದವನು.

ಶೈಲಿಯ ಥಳುಕಿಲ್ಲದೆ ಬರೆಯೋಕೆ ಫ್ರೆಂಚೇ ಸಲೀಸು ಅನ್ನೋದು ಅವನು ಕೊಟ್ಟ ಕಾರಣ. ತಾಯ್ನುಡಿಯಲ್ಲಿ ಮಾತು ತಾನಾಗೇ ಬಂದುಬಿಡುತ್ತೆ. ಕಲಿತ ಭಾಷೆಯಲ್ಲಿ ಒಂದೊಂದು ಪದವನ್ನೂ ಹುಡುಕಿ ತರಬೇಕು. ಹಳ್ಳಿಯಿಂದ ಬಂದು ಮೀಟಿಂಗಿನಲ್ಲಿ ಇಂಗ್ಲಿಷಿಗೆ ತಡವರಿಸುವ ನನ್ನಂಥವರು ಅದನ್ನೇ ಕೊರತೆ ಅಂದ್ಕೊಂಡಿದ್ವಿ.