ಎರಡು ಸೂರ್ಯರ ಫಾರ್ವರ್ಡ್ ನಿಮಗೂ ಬಂತೇ? ನಿಜವಾದ ಜೋಡಿ ಇರುವುದು ಹಂಸ ನಕ್ಷತ್ರಪುಂಜದಲ್ಲಿ

“ಆಕಾಶದಲ್ಲಿ ಎರಡು ಸೂರ್ಯ! ಇನ್ನೊಂದು ಸೂರ್ಯ ಭೂಮಿಯತ್ತ ಬರುತ್ತಿದೆ, ಎಲ್ಲರಿಗೂ ಕಳುಹಿಸಿ” ಎನ್ನುವಂಥ ವೀಡಿಯೊಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತವೆ. ಅವುಗಳಲ್ಲಿ ಕಾಣುವ ‘ಎರಡನೇ ಸೂರ್ಯ’ ಸಾಮಾನ್ಯವಾಗಿ ಮೊಬೈಲ್ ಲೆನ್ಸಿನೊಳಗೆ ಬೆಳಕು ಪ್ರತಿಫಲಿಸಿ ಆದದ್ದು. ಇಲ್ಲವೇ ಎತ್ತರದ ಮೋಡದ ಹಿಮಹರಳುಗಳಿಂದ ಸೂರ್ಯನ ಪಕ್ಕದಲ್ಲಿ ಮೂಡಿದ ಹೊಳಪು. ನೋಡಿಯೇ ಬಿಡೋಣ ಎಂದು ಸೂರ್ಯನನ್ನು ದಿಟ್ಟಿಸಬೇಡಿ. ಕಣ್ಣಿನ ಒಳಪರದೆ ಸುಟ್ಟರೂ ನೋವು ಗೊತ್ತಾಗುವುದಿಲ್ಲ, ಹೋದ ದೃಷ್ಟಿ ಮರಳದೆಯೂ ಇರಬಹುದು.

ಹಾಗಾದರೆ ಜೋಡಿ ಸೂರ್ಯರು ಬರೀ ಕಟ್ಟುಕಥೆಯೇ? ಅಲ್ಲ. ಒಂದನ್ನೊಂದು ಸುತ್ತುವ ಯಮಳ ನಕ್ಷತ್ರಗಳು ಬೇಕಾದಷ್ಟಿವೆ. ನಮ್ಮ ನೆರೆಯಲ್ಲೇ ಇರುವ ಅಂಥ ಒಂದು ಜೋಡಿ 61 ಸಿಗ್ನಿ. ಹಂಸ ನಕ್ಷತ್ರಪುಂಜದಲ್ಲಿರುವ ಇದರ ದೂರ ಸುಮಾರು 11.4 ಜ್ಯೋತಿರ್ವರ್ಷ. ‘ನೆರೆ’ ಎಂದರೂ, ಸೆಕೆಂಡಿಗೆ 17 ಕಿ.ಮೀ. ವೇಗದ ವಾಯೇಜರ್ ನೌಕೆಗೆ ಇಷ್ಟು ದೂರ ಹೋಗಲು ಎರಡು ಲಕ್ಷ ವರ್ಷ ಬೇಕು.

ಇವೆರಡೂ ಕಿತ್ತಳೆ ಕುಬ್ಜ ನಕ್ಷತ್ರಗಳು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಕಾವು ಏರಿದಂತೆ ಬೆಳ್ಳಗಾಗುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಇವು 4,000 ಡಿಗ್ರಿಯ ಆಸುಪಾಸಿನಲ್ಲಿವೆ. ಎರಡರ ಬೆಳಕನ್ನೂ ಕೂಡಿಸಿದರೆ ನಮ್ಮ ಸೂರ್ಯನ ಕಾಲು ಭಾಗದಷ್ಟಾಗುತ್ತದೆ, ಅಷ್ಟೇ. ಆದರೆ ಇಂಧನವನ್ನು ಜಿಪುಣತನದಿಂದ ಖರ್ಚು ಮಾಡುವುದರಿಂದ ಆಯುಸ್ಸು ದೊಡ್ಡದು. ಸೂರ್ಯನದು ಸುಮಾರು 1,000 ಕೋಟಿ ವರ್ಷವಾದರೆ ಇವು ಅದರ ಎರಡು ಪಟ್ಟನ್ನೂ ಮೀರಿ ಬಾಳುತ್ತವೆ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಅಂದರೆ ಇಂಥ ನಕ್ಷತ್ರ ಒಂದೂ ಇನ್ನೂ ಮುಪ್ಪಿನಿಂದ ಸತ್ತಿಲ್ಲ!

ಡಿಕ್ಕಿ ಹೊಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇವೆರಡರ ನಡುವಿನ ಸರಾಸರಿ ಅಂತರ ಸೂರ್ಯ–ಪ್ಲೂಟೊ ಅಂತರದ ಎರಡರಷ್ಟು. ಒಂದು ಸುತ್ತಿಗೆ ಸುಮಾರು 700 ವರ್ಷ. ಡಿಕ್ಕಿಯ ಮಾತೇ ಇಲ್ಲ.

ಈ ಮಂಕು ಜೋಡಿಗೆ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ. ಚಲಿಸುವ ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿರದ ಮರ ಓಡುತ್ತದೆ, ದೂರದ ಬೆಟ್ಟ ಕದಲುವುದಿಲ್ಲ. ಇಟಲಿಯ ಪಿಯಾಝಿ ಎಂಬ ಖಗೋಳಜ್ಞ, ಉಳಿದ ನಕ್ಷತ್ರಗಳ ನಡುವೆ ಇದು ಬೇಗ ಜಾಗ ಬದಲಿಸುವುದನ್ನು ಗುರುತಿಸಿ ‘ಹಾರುವ ನಕ್ಷತ್ರ’ ಎಂದ. ಬೇಗ ಎಂದರೂ, ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯಲು 350 ವರ್ಷ ಹಿಡಿಯುತ್ತದೆ! ಓಡುತ್ತಿದೆ ಎಂದರೆ ಹತ್ತಿರವಿರಬೇಕು ಎಂದು ಜರ್ಮನಿಯ ಬೆಸೆಲ್ ಇದನ್ನೇ ಆರಿಸಿಕೊಂಡು, ಭೂಮಿ ಸೂರ್ಯನನ್ನು ಸುತ್ತುವಾಗ ಇದರ ಸ್ಥಾನ ಎಷ್ಟು ಓಲಾಡುತ್ತದೆಂದು ತಿಂಗಳುಗಟ್ಟಲೆ ಅಳೆದ. ಆ ಕೋನ ಎಷ್ಟು ಸಣ್ಣದೆಂದರೆ, 15 ಕಿ.ಮೀ. ಆಚೆ ಹಿಡಿದ ಒಂದು ರೂಪಾಯಿ ನಾಣ್ಯದಷ್ಟು. 1838ರಲ್ಲಿ ಅವನು ಪ್ರಕಟಿಸಿದ ದೂರ ಇಂದಿನ ಲೆಕ್ಕಕ್ಕಿಂತ ಹತ್ತು ಪ್ರತಿಶತದಷ್ಟು ಮಾತ್ರ ಕಮ್ಮಿ. ಸೂರ್ಯನಾಚೆಯ ನಕ್ಷತ್ರವೊಂದರ ದೂರವನ್ನು ಹೀಗೆ ನಂಬುವಂತೆ ಅಳೆದು ಪ್ರಕಟಿಸಿದ್ದು ಅದೇ ಮೊದಲು. ಕಂಪ್ಯೂಟರ್ ಇಲ್ಲ, ಕ್ಯಾಮೆರಾ ಇಲ್ಲ. ನಮಗೆ ಇದು ‘ಎರಡನೇ ಸೂರ್ಯ’ನಿಗಿಂತ ದೊಡ್ಡ ಬೆರಗು.

ಫಾರ್ವರ್ಡ್ ಮಾಡುವವರ ಕೈಗೆ ಸಿಕ್ಕರೆ ಸುದ್ದಿಯಾಗಬಲ್ಲ ಎರಡು ಸಂಗತಿಗಳಿವೆ. ಈ ಜೋಡಿ ನಿಜಕ್ಕೂ ನಮ್ಮತ್ತ ಬರುತ್ತಿದೆ. ಆದರೆ ಸಾವಿರಾರು ವರ್ಷಗಳ ನಂತರವೂ ಅದು ಸುಮಾರು 9 ಜ್ಯೋತಿರ್ವರ್ಷಕ್ಕಿಂತ ಹತ್ತಿರ ಬಾರದೆ ಹಾದುಹೋಗುತ್ತದೆ. ಇನ್ನೊಂದು, ಇಲ್ಲಿ ಗ್ರಹವಿದೆ ಎಂಬ ಮಾತು. 1942ರಲ್ಲಿ ವಿಜ್ಞಾನಿಯೊಬ್ಬರೇ ಹಾಗೆಂದಿದ್ದರು, ಮುಂದಿನ ಅಳತೆಗಳಲ್ಲಿ ಅದು ನಿಲ್ಲಲಿಲ್ಲ.

ನೋಡುವ ಆಸೆಯಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ರಾತ್ರಿ ಎಂಟರ ಸುಮಾರಿಗೆ ಉತ್ತರಕ್ಕೆ ಮುಖಮಾಡಿ ತಲೆಯೆತ್ತಿ. ಹೊಳೆಯುವ ಡೆನೆಬ್ ನಕ್ಷತ್ರದಿಂದ ತುಸು ದೂರದಲ್ಲೇ ಇದೆ. ಊರಿನ ದೀಪಗಳ ನಡುವೆ ಬರಿಗಣ್ಣಿಗೆ ಸಿಗುವುದು ಕಷ್ಟ. ಸಣ್ಣ ದೂರದರ್ಶಕ ಸಾಕು, ಎರಡು ಕಿತ್ತಳೆ ಚುಕ್ಕೆಗಳು ಬೇರೆಬೇರೆಯಾಗಿ ಕಾಣುತ್ತವೆ.