ಅಮೃತಾಪುರಕ್ಕೆ ಒಂದು ಲೆನ್ಸು, ಬಾಸೂರು ಕಾವಲಿಗೆ ಇನ್ನೊಂದು



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಡೂರಿನಿಂದ ಮನೆಗೆ ಬಂದಿದ್ದ. ಬೆಳಕಿನ ವಕ್ರೀಭವನದ ಪಾಠ ನಡೆಯುವಾಗ ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಿದ್ದವನು ಈಗ ಕೊರಳಿಗೆ ಕ್ಯಾಮೆರಾ ತೂಗಿಹಾಕಿಕೊಂಡು ಬಂದದ್ದು ಕಂಡು ನನಗೆ ಸಂತೋಷವೂ ಆಯಿತು, ತುಸು ನಗುವೂ ಬಂತು. ಕಾಫಿ ಲೋಟ ಕೆಳಗಿಟ್ಟು ಕೇಳಿದ: "ಸಾರ್, ಇರೋ ದುಡ್ಡಲ್ಲಿ ಇನ್ನೊಂದೇ ಒಂದು ಲೆನ್ಸ್ ತಗೋಬಹುದು. ದೊಡ್ಡ ಜೂಮ್ ತಗೊಳ್ಳಲೋ, ಪ್ರೈಮ್ ತಗೊಳ್ಳಲೋ?"

ಅಂದು ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದನ್ನು ತಿಳಿದರೆ ಉತ್ತರ ಸುಲಭವಾಗುತ್ತದೆ ಎಂಬುದು ನನ್ನ ನಂಬಿಕೆ.

ಪಾಠ ಮರೆತವರಿಗಾಗಿ ಎರಡು ಮಾತು. ಪ್ರೈಮ್ ಎಂದರೆ ಸಂಗಮದೂರ ಬದಲಾಗದ ಮಸೂರ. 50 ಮಿ.ಮೀ. ಎಂದರೆ ಸದಾ 50 ಮಿ.ಮೀ.; ದೃಶ್ಯ ಹಿಗ್ಗಬೇಕಾದರೆ ನಾವು ಹಿಂದೆ ಸರಿಯಬೇಕು, ಕುಗ್ಗಬೇಕಾದರೆ ಮುಂದೆ ಹೋಗಬೇಕು. ಜೂಮ್‌ನಲ್ಲಿ ಬಳೆಯೊಂದನ್ನು ತಿರುಗಿಸಿದರೆ ಒಳಗಿನ ಗಾಜುಗಳು ಸರಿದು ಸಂಗಮದೂರವೇ ಬದಲಾಗುತ್ತದೆ. ನಿಂತಲ್ಲೇ ನಿಂತು ದೂರದ್ದನ್ನು ಹತ್ತಿರಕ್ಕೆ ತಂದುಕೊಳ್ಳಬಹುದು.

ನಾನು ತರೀಕೆರೆಯಲ್ಲಿ ಓದುವಾಗ ವರ್ಷದ ಕೊನೆಗೆ ಗ್ರೂಪ್ ಫೋಟೋ ತೆಗೆಸುವ ಪದ್ಧತಿಯಿತ್ತು. ಮರದ ಮುಕ್ಕಾಲಿಯ ಮೇಲೆ ಪೆಟ್ಟಿಗೆಯಂಥ ಕ್ಯಾಮೆರಾ, ಮೇಲೆ ಕರಿಯ ಬಟ್ಟೆ. ಮೂರು ಸಾಲು ಹುಡುಗರೂ ಕುರ್ಚಿಯ ಮೇಲಿನ ಮೇಷ್ಟ್ರುಗಳೂ ಚೌಕಟ್ಟಿನೊಳಗೆ ಬರಲೆಂದು ಫೋಟೋದವರು ಹಿಂದೆ ಹಿಂದೆ ಸರಿಯುತ್ತ ಕೊನೆಗೆ ಬೆನ್ನು ಕಳ್ಳಿ ಬೇಲಿಗೆ ತಾಗಿದಾಗ ನಾವೆಲ್ಲ ಗೊಳ್ಳೆಂದು ನಕ್ಕಿದ್ದೆವು. ಹೆಡ್‌ಮಾಸ್ತರರು ಬೆತ್ತವೆತ್ತಿದರು. ಆ ಚಿತ್ರದಲ್ಲಿ ನಮ್ಮೆಲ್ಲರ ಮುಖಗಳು ಬಿಗಿದುಕೊಂಡಿರುವುದಕ್ಕೆ ಅದೇ ಕಾರಣ.

ನಮ್ಮ ಸೀಮೆಯ ಶಿಲ್ಪಗಳನ್ನು ಮೊದಲು ಚಿತ್ರಿಸಿದವರಿಗೂ ಇದೇ ಸ್ಥಿತಿ. 1854ರ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳಿಗೆ ಬಂದು ಮೇಣ ಹಿಡಿಸಿದ ಕಾಗದದ ಮೇಲೆ ನೆಗೆಟಿವ್‌ಗಳನ್ನು ಮಾಡಿದ. ಅದೇ ದಶಕದಲ್ಲಿ ಪಿಗೊ, ನೀಲ್, ಬಿಗ್ಸ್ ಎಂಬವರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಗ್ರಂಥವಾಗಿ ಹೊರಬಂದವು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆಮೇಲೆ ಹಿಗ್ಗಿಸಿ ಬೇಕಾದಷ್ಟು ಭಾಗ ಕತ್ತರಿಸಿಕೊಳ್ಳುವ ಅನುಕೂಲ ಆಗಿರಲಿಲ್ಲ. ಆದುದರಿಂದ ಮುಕ್ಕಾಲಿ ಊರುವ ಮೊದಲೇ ಎಲ್ಲ ತೀರ್ಮಾನವಾಗಬೇಕಿತ್ತು. ಆ ಚಿತ್ರಗಳ ಮುಂದೆ ಇಂದಿಗೂ ನಾವು ಸುಮ್ಮನೆ ನಿಂತುಬಿಡುತ್ತೇವಲ್ಲ, ಆ ತೀರ್ಮಾನದ ಶಿಸ್ತೇ ಅದಕ್ಕೆ ಅರ್ಧ ಕಾರಣವೆಂದು ನನಗನ್ನಿಸುತ್ತದೆ.

ಈಗ ಪ್ರೈಮ್ ಮಸೂರದ ಕಥೆಗೆ ಬರೋಣ. 1839ರಲ್ಲಿ ಛಾಯಾಗ್ರಹಣ ಪ್ರಕಟವಾದಾಗ ಇದ್ದ ಮಸೂರಗಳು ಬಹಳ ಮಂದ. ಗುಡಿ, ಬೀದಿಗಳ ಚಿತ್ರ ತೆಗೆಯಬಹುದಿತ್ತು. ಮನುಷ್ಯನ ಮುಖ ತೆಗೆಯಬೇಕಾದರೆ ಆತ ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬೇಕಿತ್ತು. ಮರುವರ್ಷ, 1840ರಲ್ಲಿ, ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಹೆಚ್ಚು ಬೆಳಕು ಒಳಬಿಡುವ ಹೊಸ ಮಸೂರವನ್ನು ಲೆಕ್ಕಹಾಕಿ ರಚಿಸಿದ. (ಆ ಲೆಕ್ಕಗಳಿಗೆ ಫಿರಂಗಿ ದಳದ ಸೈನಿಕರು ನೆರವಾದರೆಂದು ಓದಿದ್ದೇನೆ. ಗಣಿತ ಯಾವ ಉಪಯೋಗಕ್ಕೆ ಎಂದು ಕೇಳುತ್ತಿದ್ದವರು ಗಮನಿಸಬೇಕು.) ಅದನ್ನು ತಯಾರಿಸಿದ್ದು ಫೋಗ್ಟ್‌ಲೆಂಡರ್ ಸಂಸ್ಥೆ. ಮುಖಚಿತ್ರಕ್ಕೆ ಬೇಕಾದ ಕಾಲ ಒಮ್ಮೆಲೇ ಇಳಿಯಿತು. ಹೆಚ್ಚು ಬೆಳಕಿನ ಪ್ರೈಮ್ ಹುಟ್ಟಿದ್ದೇ ಮನುಷ್ಯರ ಮುಖಕ್ಕಾಗಿ. ಈ ಮಾತನ್ನು ನೆನಪಿನಲ್ಲಿಡಿ.

ಜೂಮ್‌ನ ಹುಟ್ಟು ಬೇರೆ ಕಡೆ. ಸಿನಿಮಾ ಕ್ಯಾಮೆರಾದವನು ದೃಶ್ಯ ಓಡುತ್ತಿರುವಾಗ ಲೆನ್ಸ್ ಬದಲಾಯಿಸಲಾರ. ಕ್ರೀಡಾಂಗಣದ ಅಂಚಿನಲ್ಲಿ ಟೆಲಿವಿಷನ್ ಕ್ಯಾಮೆರಾ ಹಿಡಿದವನು ಆಟದ ನಡುವೆ ಒಳಗೆ ನುಗ್ಗಲಾರ. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಫ್ರಾಂಕ್ ಬ್ಯಾಕ್ ಎಂಬಾತನ ಜೂಮಾರ್ ಮಸೂರಗಳು ಇಂಥವರ ಕೈಗೆ ಬಂದವು. ಸ್ಥಿರಚಿತ್ರದ 35 ಮಿ.ಮೀ. ಕ್ಯಾಮೆರಾಗಳಿಗೆ ಮೊದಲ ಜೂಮ್ ಬಂದದ್ದು 1959ರಲ್ಲಿ: 36ರಿಂದ 82 ಮಿ.ಮೀ., ಅಪರ್ಚರ್ ಎಫ್ 2.8. ಬಂದದ್ದು ಯಾರ ಹೆಸರಿನಲ್ಲಿ? ಅದೇ ಫೋಗ್ಟ್‌ಲೆಂಡರ್! 1963ರಲ್ಲಿ ನಿಕಾನ್‌ನ 43-86 ಮಿ.ಮೀ. ಬಂತು, ಗೆರೆಗಳನ್ನು ಬಾಗಿಸುತ್ತದೆಂದು ಬೈಸಿಕೊಂಡೇ ಚೆನ್ನಾಗಿ ಮಾರಾಟವಾಯಿತು. ಗಾಜಿಗೆ ಹಲವು ಪದರಗಳ ಲೇಪ ಕೊಡುವ ವಿಧಾನ 1970ರ ದಶಕದಲ್ಲಿ ಹರಡಿ, ಮಸೂರದ ಲೆಕ್ಕಗಳನ್ನು ಕಂಪ್ಯೂಟರ್ ಮಾಡತೊಡಗಿದ ಮೇಲೆ ಜೂಮ್ ಸುಧಾರಿಸುತ್ತ ಹೋಯಿತು. 2003ರಲ್ಲಿ ಕ್ಯಾನನ್ 300ಡಿ ಡಿಜಿಟಲ್ ಕ್ಯಾಮೆರಾದ ಜೊತೆಗೆ 18-55 ಮಿ.ಮೀ. ಜೂಮ್ ಬಂತು. ಹಿಂದೆ ಕ್ಯಾಮೆರಾ ಕೊಂಡರೆ ಜೊತೆಗೆ 50 ಮಿ.ಮೀ. ಪ್ರೈಮ್ ಬರುತ್ತಿದ್ದ ಜಾಗದಲ್ಲಿ ಇಂಥ ಜೂಮ್ ಕುಳಿತುಬಿಟ್ಟಿತು.

ಹೀಗೆ ನೋಡಿದರೆ ಒಂದು ಬೆಳಕಿಲ್ಲದವನ ಮಸೂರ, ಇನ್ನೊಂದು ಕಾಲು ಮುಂದಿಡಲಾಗದವನ ಮಸೂರ. ನನಗೆ ಇದು ತಿಳಿಯುವಾಗ ತಡವಾಗಿತ್ತು.

ನನ್ನ ಮೊದಲ ಒಳ್ಳೆಯ ಕ್ಯಾಮೆರಾ ಪೆಂಟಾಕ್ಸ್ ಕೆ1000. ಕೊಲ್ಲಿ ದೇಶದಲ್ಲಿದ್ದ ಬಂಧುವೊಬ್ಬರು ತಂದುಕೊಟ್ಟದ್ದು. ಜೊತೆಗೆ ಎಫ್ 2ರ 50 ಮಿ.ಮೀ. ಲೆನ್ಸ್. ಕೆಲವು ವರ್ಷಗಳ ಮೇಲೆ, ಅರಿಯರ್ಸ್ ಹಣ ಕೈಗೆ ಬಂದಾಗ, 35-70 ಮಿ.ಮೀ. ಜೂಮ್ ಒಂದನ್ನು ಕೊಂಡೆ. ಹಳೆಯದು ಟ್ರಂಕಿನೊಳಗೆ ಹೋಯಿತು. ಒಂದರಲ್ಲೇ ಎಲ್ಲ ಇರುವಾಗ ಇನ್ನೊಂದೇಕೆ ಎಂಬ ಜಾಣತನ.

1994ರ ಮಳೆಗಾಲದ ಒಂದು ಮಧ್ಯಾಹ್ನ ನಮ್ಮಮ್ಮ ನಡುಮನೆಯ ಕಿಟಕಿಯ ಪಕ್ಕ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಗ್ಗಿನ ಮಾಡು, ಚಿಕ್ಕ ಕಿಟಕಿ; ಮುಖದ ಒಂದು ಪಕ್ಕಕ್ಕೆ ಮಾತ್ರ ಬೆಳಕು. ತನ್ನಷ್ಟಕ್ಕೆ ಏನನ್ನೋ ಗುನುಗುತ್ತಿದ್ದಳು. ಫ್ಲ್ಯಾಷ್ ಬಳಸಿದರೆ ಕಣ್ಣು ಮುಚ್ಚಿಬಿಡುತ್ತಾಳೆಂದು ಗೊತ್ತಿದ್ದುದರಿಂದ ಹಾಗೆಯೇ ಜೂಮ್ ಅನ್ನು 70ಕ್ಕೆ ತಿರುಗಿಸಿ ಮೂರು ಚಿತ್ರ ತೆಗೆದೆ. ಫಿಲಂ 100ರದು. 70ರಲ್ಲಿ ಆ ಲೆನ್ಸಿನ ದೊಡ್ಡ ಕಂಡಿಯೆಂದರೆ ಎಫ್ 4.5, ಮೀಟರ್ ಕಾಲು ಸೆಕೆಂಡ್ ಕೇಳುತ್ತಿತ್ತು. ಉಸಿರು ಹಿಡಿದು ಒತ್ತಿದೆ.

ಸ್ಟುಡಿಯೋದಿಂದ ಪ್ರಿಂಟ್ ಬಂದಾಗ ಮೊರ ಮೊರವೆಂದು ತಿಳಿಯುವಂತಿತ್ತು. ಮುಖ ಮಾತ್ರ ಮಸುಕು, ಮೂರರಲ್ಲಿಯೂ.

ಬೆಳಕಿನ ಲೆಕ್ಕ ಕಂಡಿಯ ವ್ಯಾಸದ ವರ್ಗಕ್ಕೆ ಸೇರಿದ್ದು. 4.5ನ್ನು 2ರಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿ: ಐದಕ್ಕೆ ತುಸು ಹೆಚ್ಚು. ಟ್ರಂಕಿನಲ್ಲಿ ಮಲಗಿದ್ದ ಆ 50 ಮಿ.ಮೀ. ಲೆನ್ಸು ಐದು ಪಟ್ಟು ಬೆಳಕು ಕೊಡುತ್ತಿತ್ತು. ಕಾಲು ಸೆಕೆಂಡಿನ ಬದಲು ಇಪ್ಪತ್ತನೆಯ ಒಂದು ಸೆಕೆಂಡ್. ಮೊಣಕೈಯನ್ನು ಮಂಡಿಗೆ ಊರಿಕೊಂಡು ಎರಡು ಹೆಜ್ಜೆ ಹತ್ತಿರ ಕುಳಿತಿದ್ದರೆ ಮೂರರಲ್ಲಿ ಒಂದಾದರೂ ಬರುತ್ತಿತ್ತು. ಖಂಡಿತ ಬರುತ್ತಿತ್ತೆಂದು ಹೇಳಲಾರೆ. ಎಂಟು ಮೊಳದ ಕೋಣೆ, ಹತ್ತಿರ ಹೋಗಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಅಮ್ಮ ಮರುವರ್ಷ ತೀರಿಕೊಂಡಳು. ಇವತ್ತು ನಮ್ಮ ಮನೆಯ ಗೋಡೆಯ ಮೇಲಿರುವುದು ಯಾವುದೋ ಅರ್ಜಿಗಾಗಿ ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯ ಚಿತ್ರದ ಹಿಗ್ಗಿಸಿದ ಪ್ರತಿ. ಅದರಲ್ಲಿರುವವಳು ಗುನುಗುವವಳಲ್ಲ.

ಈಗಿನ ಲೆನ್ಸುಗಳಲ್ಲಿ ಅಲುಗಾಟ ತಡೆಯುವ ಯಂತ್ರವಿರುತ್ತದೆ, ಅಷ್ಟೇನೂ ತೊಂದರೆಯಿಲ್ಲ ಎಂದು ನನ್ನ ವಿದ್ಯಾರ್ಥಿ ವಾದಿಸಿದ. ಅದು ನನ್ನ ಕೈಯ ನಡುಕವನ್ನು ಸರಿಪಡಿಸೀತು. ಅಕ್ಕಿ ಆರಿಸುವವಳ ತಲೆಯ ಚಲನೆಯನ್ನಲ್ಲ. ಆದರೆ ಅವನ ಇನ್ನೊಂದು ಮಾತನ್ನು ಒಪ್ಪಿದೆ: ಇಂದಿನ ಕ್ಯಾಮೆರಾಗಳು ಐಎಸ್ಒ 3200, 6400ರಲ್ಲೂ ನೋಡುವಂಥ ಚಿತ್ರ ಕೊಡುತ್ತವೆ, ನಮ್ಮ ಕಾಲದ ಕಷ್ಟ ಅಷ್ಟರಮಟ್ಟಿಗೆ ತಗ್ಗಿದೆ. ಆದರೂ ಎಫ್ 5.6ಕ್ಕೂ ಎಫ್ 1.8ಕ್ಕೂ ನಡುವೆ ಹತ್ತಿರ ಹತ್ತಿರ ಹತ್ತು ಪಟ್ಟು ಅಂತರವಿದೆ.

ಊಟವಾದ ಮೇಲೆ ಅವನನ್ನು ಅಮೃತಾಪುರಕ್ಕೆ ಕರೆದುಕೊಂಡು ಹೋದೆ. ತರೀಕೆರೆಯಿಂದ ಹತ್ತು ಕಿ.ಮೀ. ಆಸುಪಾಸು. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯ. ಕವಿ ಜನ್ನನ ಪದ್ಯಗಳಿರುವ ಶಾಸನ ಅಲ್ಲಿದೆ. ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂಬ ಹೆಸರಿದ್ದ ಕಾಲದಲ್ಲಿ, 1901ರಲ್ಲಿ, ರೈಸ್ ಸಾಹೇಬರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ ಈ ಸೀಮೆಯ ಶಾಸನಗಳದೇ.

ಅಲ್ಲಿ ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ, ಅದೂ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಜೂಮ್ ಇರುವವರು ಒಂದೇ ಕಡೆ ನಿಂತು ಎಡಕ್ಕೂ ಬಲಕ್ಕೂ ತಿರುಗಿ ನಾಲ್ಕೈದು ಫಲಕಗಳನ್ನು ಓರೆಯಾಗಿ ತೆಗೆದು ಹೊರಟುಬಿಡುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಅವನ ಚೀಲದಲ್ಲಿದ್ದ ಸ್ನೇಹಿತನ ಪ್ರೈಮ್ ಹಾಕಿಸಿ, ಒಂದೊಂದಕ್ಕೂ ಎದುರು ನಿಲ್ಲು ಎಂದೆ. ಹನ್ನೆರಡನೆಯ ಫಲಕಕ್ಕೆ ಬರುವಷ್ಟರಲ್ಲಿ ಅವನಿಗೆ ರಾಮಾಯಣ ಯಾವ ದಿಕ್ಕಿಗೆ ಹೋಗುತ್ತಿದೆಯೆಂದು ತಾನಾಗಿಯೇ ತಿಳಿದಿತ್ತು! ಮಂಟಪದ ಒಳಗೆ ಹೊಳಪಿನ ಕಂಬಗಳ ನಡುವೆ ಮೇಲೆ ನೋಡಿದರೆ ಮಲ್ಲಿತಮ್ಮನ ಕೈಕೆಲಸವೆಂದು ವಿದ್ವಾಂಸರು ಹೇಳುವ ಭುವನೇಶ್ವರಿಗಳು. ಅಲ್ಲಿ ಬೆಳಕು ಕಡಿಮೆ. ರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿಗೆ ಮುಂಚಿತವಾಗಿ ಅನುಮತಿ ಬೇಕು. ಫ್ಲ್ಯಾಷ್ ಹಾಕಿದರೆ ಕೆತ್ತನೆಯ ನೆರಳೆಲ್ಲ ಅಳಿದು ಕಲ್ಲು ಸಪಾಟಾಗಿ ಕಾಣುತ್ತದೆ. ಅಂಗಾತ ಮಲಗಿ ಎಫ್ 1.8ರಲ್ಲಿ ತೆಗೆದ. ನಡುವಿನ ಹೂವು ಸ್ಪಷ್ಟವಾಗಿತ್ತು, ಅಂಚುಗಳು ಮೆತ್ತಗಾಗಿದ್ದವು. ಅಷ್ಟು ದೊಡ್ಡ ಕಂಡಿಯ ಬೆಲೆ ಅದು. ಎಫ್ 4ಕ್ಕೆ ಇಳಿಸಿದರೆ ಸರಿಹೋಗುತ್ತದೆ, ಆದರೆ ಬೆಳಕು ಸಾಲದು.

ಮರುದಿನದ ಅನುಭವ ಇದಕ್ಕೆ ತಿರುಗುಮುರುಗು. ಕಡೂರು ತಾಲೂಕಿನ ಬಾಸೂರು ಅಮೃತಮಹಲ್ ಕಾವಲು ಮೈಸೂರು ಅರಸರ ಕಾಲದ ದನಗಳ ಹುಲ್ಲುಗಾವಲು. ಅಜ್ಜಂಪುರದಲ್ಲಿ 1929ರಲ್ಲಿ ಆರಂಭವಾದ ತಳಿ ಸಂವರ್ಧನಾ ಕೇಂದ್ರದಿಂದಾಗಿ ಆ ದನಗಳ ಹೆಸರು ನಿಮಗೆಲ್ಲ ಗೊತ್ತು. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಮೀಸಲೆಂದು ಘೋಷಿಸಲಾಯಿತು. ಅಲ್ಲಿ ಎದ್ದು ನಾಲ್ಕು ಹೆಜ್ಜೆ ಮುಂದಿಟ್ಟರೆ ಹಿಂಡು ನಾಲ್ಕು ನೂರು ಹೆಜ್ಜೆ ಆಚೆ. ಹತ್ತಿರ ಹೋಗುವುದೇ ತಪ್ಪು, ಮೇವು ಬಿಟ್ಟು ಓಡಿಸಿದಂತಾಗುತ್ತದೆ. ಗಂಡು ಒಂದು ಕ್ಷಣ ದೂರ, ಮರುಕ್ಷಣ ಹತ್ತಿರ. ನಡುವೆ ಲೆನ್ಸ್ ಬದಲಿಸಲು ಹೋದರೆ ಬಯಲುಸೀಮೆಯ ಗಾಳಿ ಕ್ಯಾಮೆರಾದೊಳಕ್ಕೆ ಧೂಳು ತುಂಬುತ್ತದೆ. ಇಲ್ಲಿ 150-600 ಮಿ.ಮೀ. ಜೂಮ್‌ಗೆ ಸಾಟಿಯಿಲ್ಲ. 2014ರ ಸುಮಾರಿಗೆ ಟ್ಯಾಮ್ರಾನ್, ಸಿಗ್ಮಾ ಸಂಸ್ಥೆಗಳು ಇಂಥವನ್ನು ತಂದ ಮೇಲೆ ಹವ್ಯಾಸಿಗಳಿಗೂ ಅದು ಎಟುಕುವಂತಾಯಿತು. ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳ ಮೇಲೆ ಗೂಡಿಡುವ ರೀವಗಳಿಗೂ ಇದೇ ಮಾತು. ನೀರಿನ ಮೇಲೆ ನಡೆಯಲಾಗದು. ಒಂದು ಎಚ್ಚರಿಕೆ: ಬಿಸಿಲೇರಿ ನೆಲದಿಂದ ಝಳ ಏಳತೊಡಗಿದರೆ ಎಷ್ಟು ಬೆಲೆಯ ಲೆನ್ಸಾದರೂ ಚಿತ್ರ ನೀರಲೆಯಂತೆ ಅಲುಗುತ್ತದೆ. ಸೂರ್ಯೋದಯಕ್ಕೇ ಅಲ್ಲಿರಬೇಕು.

ಹಾಗಾದರೆ ಮೊದಲು ಯಾವುದು? ಅವನ ಬಳಿ ಕ್ಯಾಮೆರಾದ ಜೊತೆ ಬಂದ 18-55 ಆಗಲೇ ಇತ್ತು. ಆರು ತಿಂಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರತಿಯೊಂದರ ಜೊತೆ ದಾಖಲಾಗಿರುವ ಸಂಗಮದೂರವನ್ನು ಒಂದು ಹಾಳೆಯಲ್ಲಿ ಗುರುತುಹಾಕಿದೆವು. ಬಹುಪಾಲು 18ರಲ್ಲಿ, ಇಲ್ಲವೇ 55ರಲ್ಲಿ. ನಡುವಿನದನ್ನು ಅವನು ಬಳಸಿಯೇ ಇರಲಿಲ್ಲ; ಬಳೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದ್ದಷ್ಟೇ. ಜೇಬಿನಲ್ಲಿರುವ ಮೊಬೈಲಿನದೂ ಇದೇ ಕಥೆಯೆಂದು ತೋರಿಸಿಕೊಟ್ಟೆ: ಬಹುತೇಕ ಫೋನುಗಳಲ್ಲಿರುವುದು ಎರಡು ಮೂರು ಪ್ರೈಮ್‌ಗಳು, ಬೆರಳಿನಿಂದ ಹಿಗ್ಗಿಸಿದಾಗ ನಡುವಿನ ಹಂತಗಳಲ್ಲಿ ಆಗುವುದು ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುವ ಕೆಲಸ.

ಅವನ ಮನಸ್ಸೆಲ್ಲ ಕೃಷ್ಣಮೃಗದ ಮೇಲಿತ್ತು. ನಾನು, 35 ಮಿ.ಮೀ. ಎಫ್ 1.8 ಮೊದಲು ಕೊಳ್ಳು ಎಂದೆ. ಅವನ ಕ್ಯಾಮೆರಾದ ಸಂವೇದಕ ಚಿಕ್ಕದು. ಅದರಲ್ಲಿ 50 ಮಿ.ಮೀ. ಹಳೆಯ ಫಿಲಂ ಲೆಕ್ಕದ 75, 80ರಂತೆ ಬಿಗಿಯಾಗುತ್ತದೆ, ನಡುಮನೆಯೊಳಗೆ ಹಿಂದೆ ಸರಿದು ಗೋಡೆಗೆ ಬೆನ್ನು ತಾಗುತ್ತದೆ. 35 ಸರಿಯಾದ ಅಳತೆ, ಬೆಲೆಯೂ ಉದ್ದ ಜೂಮ್‌ನ ಒಂದು ಪಾಲಿನಷ್ಟೇ. "ಜಿಂಕೆ ಫೋಟೋ ಯಾವಾಗ ಸಾರ್?" ಎಂದು ಕೇಳಿದ. ಕಾವಲು ಎಲ್ಲಿಗೂ ಹೋಗುವುದಿಲ್ಲ, ಎರಡು ವರ್ಷ ಕೂಡಿಟ್ಟು ತೆಗೆದುಕೊ ಎಂದೆ. "ನಿಮ್ಮ ತಾಯಿ ಅಜ್ಜಂಪುರದಲ್ಲೇ ಇದ್ದಾರಲ್ಲವೇ?" ಎಂದೂ ಕೇಳಿದೆ. ಹೌದೆಂದ. ಹೆಚ್ಚು ಮಾತಾಡಲಿಲ್ಲ.

ಹೊಸದು ಕೊಳ್ಳುವವರೆಗೆ ಅಭ್ಯಾಸಕ್ಕಿರಲೆಂದು ಟ್ರಂಕಿನಿಂದ ಆ 50 ಮಿ.ಮೀ. ಪೆಂಟಾಕ್ಸ್ ತೆಗೆದೆ. ಈಗಿನ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ ಒಂದು ಅಡಾಪ್ಟರ್ ಬಳೆ ಹಾಕಿದರೆ ಕೂರುತ್ತದೆ. ಫೋಕಸ್ ಮಾತ್ರ ಕೈಯಿಂದಲೇ ಮಾಡಬೇಕು. ತರೀಕೆರೆಯ ಮಳೆಗಾಲಗಳನ್ನು ಕಂಡ ಗಾಜು, ಒಂದು ಮೂಲೆಯಲ್ಲಿ ಬೂಷ್ಟಿನ ಎಳೆ ಹಬ್ಬಿದೆ, ಚಿತ್ರದಲ್ಲಿ ಕಾಣುವಷ್ಟಿಲ್ಲ. ಜೂಮ್‌ಗೂ ಹಿಡಿದಿತ್ತು. ಗಾಜುಗಳ ಸಂಖ್ಯೆ ಹೆಚ್ಚಾದ್ದರಿಂದ ಅದನ್ನು ಬಿಚ್ಚಿ ಒರೆಸುವ ಖರ್ಚು ದಂಡವೆಂದು ರಿಪೇರಿಯವರೇ ಹೇಳಿ ಹಿಂದಕ್ಕೆ ಕೊಟ್ಟಿದ್ದರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು, ತಿಂಗಳಿಗೊಮ್ಮೆ ಹೊರತೆಗೆದು ಬೆಳಕಿಗೆ ಹಿಡಿ ಎಂದು ಹೇಳಿ ಕಳಿಸಿದೆ.

ಸಂಕ್ರಾಂತಿಗೆ ಅವನಿಂದ ಒಂದು ಚಿತ್ರ ಬಂತು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುವ ತಾಯಿ, ಕೈ ಅಲುಗಿದೆ, ಮುಖ ಅಲುಗಿಲ್ಲ. ಲೆನ್ಸನ್ನು ಇನ್ನೂ ಹಿಂದಿರುಗಿಸಿಲ್ಲ, ನಾನೂ ಕೇಳಿಲ್ಲ.